ಫಾರಂನ ಕೆಳಗಿನ ಸಾಲು

ಪೌತಿ ಖಾತೆಗೆ, ಬ್ಯಾಂಕಿಗೆ, ಎಲ್‌ಐಸಿಗೆ ಅಂತ ಜೆರಾಕ್ಸ್ ಮಾಡಿಸಿ ಹಂಚುವ ಡೆತ್ ಸರ್ಟಿಫಿಕೇಟನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಹೆಸರು, ತಾರೀಖು, ತೀರಿಕೊಂಡ ಜಾಗ, ನೋಂದಣಿ ಸಂಖ್ಯೆ ಎಲ್ಲ ಇರುತ್ತವೆ. ಏನಾಗಿ ತೀರಿಕೊಂಡರು ಎಂಬುದು ಮಾತ್ರ ಇರುವುದಿಲ್ಲ. ಯಾರೋ ಮರೆತದ್ದಲ್ಲ. ಸಾವಿನ ಕಾರಣವನ್ನು ಈ ಪತ್ರದಲ್ಲಿ ತೋರಿಸಕೂಡದು ಎಂದು 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ನೇ ಹೇಳುತ್ತದೆ.

ಕಾರಣ ಇರುವುದು ಬೇರೊಂದು ಕಾಗದದಲ್ಲಿ. ಆಸ್ಪತ್ರೆಯಲ್ಲಿ ಸತ್ತರೆ ನಮೂನೆ 4, ಮನೆಯಲ್ಲಿ ಸತ್ತರೆ ನಮೂನೆ 4ಎ. ಕೊನೆಯ ಕಾಯಿಲೆಯಲ್ಲಿ ನೋಡಿಕೊಂಡ ಡಾಕ್ಟರು ತುಂಬಿ, ಸಹಿ ಹಾಕಬೇಕು, ಅದು ನೋಂದಣಾಧಿಕಾರಿಗೆ ತಲುಪಬೇಕು. 2023ರ ತಿದ್ದುಪಡಿಯ ನಂತರ ಅದರ ಒಂದು ಪ್ರತಿ ಹತ್ತಿರದ ಸಂಬಂಧಿಕರಿಗೂ ಸಿಗಬೇಕು. ಕೇಳಿ ಪಡೆಯುವವರು ಕಡಿಮೆ.

ಜೀವ ಹೋಗಿದೆ ಎಂದು ಖಚಿತಪಡಿಸುವುದು ಒಂದು ಕೆಲಸ, ಯಾಕೆ ಹೋಯಿತು ಎಂದು ಬರೆಯುವುದು ಇನ್ನೊಂದು. ಮೊದಲನೆಯದು ಕೆಲವೇ ನಿಮಿಷದ್ದು. ಕತ್ತಿನ ಬದಿಯಲ್ಲಿ ನಾಡಿ ಹುಡುಕುತ್ತಾರೆ, ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕಾಯುತ್ತಾರೆ, ಟಾರ್ಚ್ ಹಾಕಿದಾಗ ಕಣ್ಣಿನ ಪಾಪೆ ಕಿರಿದಾಗುತ್ತದೆಯೇ ನೋಡುತ್ತಾರೆ. ಆಸ್ಪತ್ರೆಯಾದರೆ ಇಸಿಜಿಯ ಸಪಾಟು ಗೆರೆಯನ್ನು ಕೇಸ್ ಶೀಟಿಗೆ ಅಂಟಿಸುತ್ತಾರೆ. ಕಷ್ಟವಿರುವುದು ಎರಡನೆಯ ಕೆಲಸದಲ್ಲಿ.

ನಮೂನೆ 4ರ ಒಂದನೇ ಭಾಗದಲ್ಲಿ ಮೂರು ಸಾಲುಗಳಿವೆ: ಎ, ಬಿ, ಸಿ. ಒಬ್ಬ ಹೆಂಗಸನ್ನು ಊಹಿಸಿಕೊಳ್ಳಿ. ಹದಿನೈದು ವರ್ಷದ ಶುಗರ್. ಕಾಲಿನ ಗಾಯ ಮಾಯದೆ ಗ್ಯಾಂಗ್ರೀನ್ ಆಯಿತು, ನಂಜು ರಕ್ತಕ್ಕೇರಿತು, ಎರಡು ದಿನದಲ್ಲಿ ಹೋದರು. ಎ ಸಾಲಿನಲ್ಲಿ ರಕ್ತದ ನಂಜು ಅಂದರೆ ಸೆಪ್ಸಿಸ್, 2 ದಿನ. ಅದು ಯಾತರಿಂದ? ಬಿ: ಕಾಲಿನ ಗ್ಯಾಂಗ್ರೀನ್, 3 ವಾರ. ಅದು ಯಾತರಿಂದ? ಸಿ: ಡಯಾಬಿಟಿಸ್, 15 ವರ್ಷ. ಜೊತೆಗಿದ್ದ ಬಿಪಿ ಎರಡನೇ ಭಾಗಕ್ಕೆ ಹೋಗುತ್ತದೆ. ಅದು ಕೈಜೋಡಿಸಿತ್ತು, ಆದರೆ ಈ ಸರಪಳಿಯ ಕೊಂಡಿಯಲ್ಲ. ದೇಶದ ಲೆಕ್ಕಕ್ಕೆ ಸೇರುವುದು ಸರಪಳಿಯ ಬುಡ. ಕೋಡಿಂಗ್ ಮಾಡುವವರು, ಅಂದರೆ ಕಾರಣಗಳಿಗೆ ಸಂಕೇತ ಕೊಟ್ಟು ವಿಂಗಡಿಸುವವರು, ಸಿ ಸಾಲು ಹಿಡಿದು ಈ ಸಾವನ್ನು ಡಯಾಬಿಟಿಸ್ ಎಂದು ದಾಖಲಿಸುತ್ತಾರೆ. ಎ ಸಾಲು ಹಿಡಿದಿದ್ದರೆ ಶುಗರ್ ಕಾಯಿಲೆ ಯಾರನ್ನೂ ಕೊಲ್ಲುವುದಿಲ್ಲ ಎಂದೇ ಸರ್ಕಾರ ನಂಬಬೇಕಾಗುತ್ತಿತ್ತು.

ನಮ್ಮ ಸೋದರಮಾವ ವರ್ಷಗಟ್ಟಲೆ ಲಿವರ್ ಕಾಯಿಲೆಯಲ್ಲಿ ನರಳಿ, ಕೊನೆಗೆ ರಕ್ತ ವಾಂತಿ ಮಾಡಿಕೊಂಡು ಒಂದು ನರ್ಸಿಂಗ್ ಹೋಮಿನಲ್ಲಿ ತೀರಿಕೊಂಡರು. ಅಲ್ಲಿ ಬರೆದದ್ದು ಒಂದೇ ಸಾಲು: ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್. ಹೃದಯ ನಿಂತಿತು, ಉಸಿರು ನಿಂತಿತು. ಸತ್ತವರಲ್ಲಿ ಯಾರದು ನಿಲ್ಲದೆ ಉಳಿದಿದೆ? ಇದು ಸಾಯುವ ರೀತಿ, ಸಾವಿನ ಕಾರಣವಲ್ಲ. ಹೀಗೆ ಬರೆಯಬೇಡಿ ಎಂದು ಆ ಫಾರಂನಲ್ಲೇ ಸೂಚನೆ ಇದೆ. ಹಾಗಂತ, ಅದನ್ನು ಬರೆದ ಡಾಕ್ಟರ್ ಹುಡುಗನನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ರಾತ್ರಿ ಮೂರು ಗಂಟೆ, ರೋಗಿ ಅವನ ಪಾಲಿಗೆ ಹೊಸಬರು, ಹೊರಗೆ ಆಂಬುಲೆನ್ಸ್ ಕಾಯುತ್ತಿತ್ತು, ಬೇಗ ಕೊಡಿ ಎಂದು ಅವಸರ ಮಾಡಿದವರು ನಾವೇ.

1600ರ ದಶಕದ ಲಂಡನ್ನಿನಲ್ಲಿ ಹೆಣ ನೋಡಿ ಕಾರಣ ಹೇಳುತ್ತಿದ್ದವರು ವಯಸ್ಸಾದ ಹೆಂಗಸರು. ಅವರ ಪಟ್ಟಿಯಲ್ಲಿ ‘ಹಲ್ಲು’, ‘ಗಾಬರಿ’, ‘ದುಃಖ’ ಎಲ್ಲ ಕಾರಣಗಳೇ. ಆ ಪಟ್ಟಿಗಳನ್ನೇ ಕೂಡಿಸಿ ಕಳೆದು ಜಾನ್ ಗ್ರಾಂಟ್ ಎಂಬ ಬಟ್ಟೆ ವ್ಯಾಪಾರಿ 1662ರಲ್ಲಿ ಪುಸ್ತಕ ಬರೆದ. ಸಾವಿನ ಲೆಕ್ಕಶಾಸ್ತ್ರ ಶುರುವಾದದ್ದು ಅಲ್ಲಿಂದ. ಹೃದಯ ನಿಂತಿತು ಎಂಬ ಬರಹಕ್ಕಿಂತ ‘ಗಾಬರಿ’ಯೇ ಹೆಚ್ಚು ಸುದ್ದಿ ಹೇಳುತ್ತದೆ ಅಂತ ನನಗೆ ಒಮ್ಮೊಮ್ಮೆ ಅನಿಸುವುದುಂಟು.

ತಪ್ಪಾಗಿ ಬರೆದದ್ದಕ್ಕಿಂತ ದೊಡ್ಡ ಸಮಸ್ಯೆ ಬರೆಯದೇ ಉಳಿದದ್ದು. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಟ್ಟದ್ದು ಶೇ 22.5ಕ್ಕೆ ಮಾತ್ರ. ಉಳಿದವರು ಹೆಚ್ಚಾಗಿ ಮನೆಯಲ್ಲಿ, ಹೊಲದಲ್ಲಿ, ದಾರಿಯಲ್ಲಿ ಹೋದವರು. ಇಂಥ ಸಾವುಗಳ ಕಾರಣ ತಿಳಿಯಲು ಮನೆಮನೆಗೆ ಹೋಗಿ ಕೇಳುವ ಒಂದು ವಿಧಾನವಿದೆ. ಎಷ್ಟು ದಿನ ಜ್ವರವಿತ್ತು, ಕಾಲು ಊದಿತ್ತೇ, ಮೂತ್ರ ಕಟ್ಟಿತ್ತೇ ಎಂದು ಮನೆಯವರಿಂದ ಕೇಳಿ ಬರೆದುಕೊಳ್ಳುತ್ತಾರೆ. ಇಬ್ಬರು ವೈದ್ಯರು ಅದನ್ನು ಬೇರೆಬೇರೆಯಾಗಿ ಓದಿ ಕಾರಣ ಹೇಳುತ್ತಾರೆ. ಇಬ್ಬರಿಗೂ ಹೊಂದಿಕೆಯಾಗದಿದ್ದರೆ ಮತ್ತೊಬ್ಬರು ನೋಡುತ್ತಾರೆ.

ದೇಶದ ಜನನ ಮರಣ ನೋಂದಣಿ ನೋಡಿಕೊಳ್ಳುವ ರಿಜಿಸ್ಟ್ರಾರ್ ಜನರಲ್ ಕಚೇರಿಯ ಜೊತೆಗೂಡಿ ಸಂಶೋಧಕ ಪ್ರಭಾತ್ ಝಾ ಮತ್ತಿತರರು ನಡೆಸಿದ ‘ಮಿಲಿಯನ್ ಡೆತ್ ಸ್ಟಡಿ’ ಈ ಬಗೆಯದು. ಅದರಿಂದ ಹೊರಬಿದ್ದ ಒಂದು ಸಂಖ್ಯೆ ಬೆಚ್ಚಿಬೀಳಿಸುವಂಥದ್ದು. ಭಾರತದಲ್ಲಿ ಹಾವು ಕಚ್ಚಿ ಸಾಯುವವರು ವರ್ಷಕ್ಕೆ ಸುಮಾರು 46,000 ಎಂದು 2011ರಲ್ಲಿ ಪ್ರಕಟವಾಯಿತು. ಆಸ್ಪತ್ರೆಗಳ ಅಧಿಕೃತ ಲೆಕ್ಕಕ್ಕಿಂತ ಇದು ಮೂವತ್ತು ಪಟ್ಟಿಗೂ ಹೆಚ್ಚು. ಅವರಲ್ಲಿ ಬಹುಪಾಲು ಜನ ಆಸ್ಪತ್ರೆಯ ಹೊರಗೇ ಸತ್ತಿದ್ದರು. ಯಾವ ನಮೂನೆ 4ರ ಯಾವ ಸಾಲಿನಲ್ಲೂ ಆ ಹಾವುಗಳಿರಲಿಲ್ಲ.

2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಈಗ ಕಡಿತವೂ ಸಾವೂ ಎರಡೂ ಆಸ್ಪತ್ರೆಯಿಂದ ವರದಿಯಾಗಬೇಕು. ಗದ್ದೆ ಬದುವಿನ ಮೇಲೆ ಕಚ್ಚಿಸಿಕೊಂಡು, ನಾಟಿ ಔಷಧ ಹಾಕಿಸಿಕೊಂಡು, ಬೆಳಗಾಗುವಷ್ಟರಲ್ಲಿ ಮನೆಯಲ್ಲೇ ಹೋದವನ ಬಗ್ಗೆ ವರದಿ ಬರೆಯುವ ಡಾಕ್ಟರೇ ಅಲ್ಲಿರುವುದಿಲ್ಲ.