ಅಮೆರಿಕದ ರಾಜ್ಯಗಳಲ್ಲಿ ಮಕ್ಕಳ ಪರ ಅಡ್ವೊಕೆಸಿ (ಕಾನೂನು, ಬಜೆಟ್ ಬದಲಿಸಲು ಒತ್ತಾಯ): ದುಡ್ಡಿನ ಜಾಡು ಹಿಡಿದು ಓದುವುದು ಹೇಗೆ

ಅಮೆರಿಕದಲ್ಲಿ ಮಕ್ಕಳ ಬಡತನ, ಆರೋಗ್ಯ ಅಂದ ಕೂಡಲೇ ನಮ್ಮ ಕಣ್ಣು ವಾಷಿಂಗ್ಟನ್ ಕಡೆ ಹೋಗುತ್ತದೆ. ಉತ್ತರ ಪತ್ರಿಕೆಯಲ್ಲಿ ಅಷ್ಟೇ ಬರೆದರೆ ಅರ್ಧ ಅಂಕ. ಬಡವರ ಆರೋಗ್ಯ ವಿಮೆಗೆಂದು 1965ರಲ್ಲಿ ಬಂದ ಮೆಡಿಕೇಡ್ ಆಗಲಿ, ಮಕ್ಕಳ ಆರೋಗ್ಯ ವಿಮೆಗೆಂದು 1997ರಲ್ಲಿ ಬಂದ ಚಿಪ್ ಯೋಜನೆ ಆಗಲಿ, ಎರಡಕ್ಕೂ ಫೆಡರಲ್ (ಅಂದರೆ ಕೇಂದ್ರ) ಸರ್ಕಾರ ಮತ್ತು ರಾಜ್ಯ ಸೇರಿ ದುಡ್ಡು ಹಾಕುತ್ತವೆ. ಫೆಡರಲ್ ಕಾನೂನು ಕನಿಷ್ಠ ಮಟ್ಟವನ್ನು ಕಟ್ಟಿಕೊಡುತ್ತದೆ. ಅದರ ಮೇಲೆ ಎಷ್ಟು ಆದಾಯದವರಿಗೆ ಕೊಡಬೇಕು, ಅರ್ಜಿ ಎಷ್ಟು ಸಲೀಸಾಗಿರಬೇಕು ಅನ್ನುವುದು ಬಹುಪಾಲು ರಾಜ್ಯದ ಕೈಯಲ್ಲಿದೆ. ಅದಕ್ಕೇ ಒಂದೇ ಸಂಪಾದನೆಯ ಎರಡು ಕುಟುಂಬಗಳಿಗೆ ರಾಜ್ಯದ ಗಡಿಯ ಆಚೆ ಒಂದು ಸವಲತ್ತು, ಈಚೆ ಇನ್ನೊಂದು.

ಈಚಿನ ವರ್ಷಗಳಲ್ಲಿ ರಾಜ್ಯಗಳ ಕಡೆ ಗಮನ ಜಾಸ್ತಿ ಹೊರಳಿದ್ದಕ್ಕೆ 2021ರ ಕಥೆ ಗೊತ್ತಿರಬೇಕು. ಆ ವರ್ಷ ಫೆಡರಲ್ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ಅನ್ನು (ಮಕ್ಕಳಿರುವ ಕುಟುಂಬಕ್ಕೆ ಸಿಗುವ ತೆರಿಗೆ ರಿಯಾಯಿತಿ) 6 ವರ್ಷದೊಳಗಿನ ಮಗುವಿಗೆ 3,600 ಡಾಲರ್‌ಗೆ, 6ರಿಂದ 17 ವರ್ಷದವರಿಗೆ 3,000 ಡಾಲರ್‌ಗೆ ಏರಿಸಿದರು. ಅದರಲ್ಲಿ ಅರ್ಧ ಹಣ ಜುಲೈನಿಂದ ಡಿಸೆಂಬರ್‌ವರೆಗೆ ತಿಂಗಳು ತಿಂಗಳು ಖಾತೆಗೆ ಬಂತು. ಸರ್ಕಾರಿ ನೆರವು, ತೆರಿಗೆ ರಿಯಾಯಿತಿಗಳನ್ನೂ ಲೆಕ್ಕಕ್ಕೆ ಹಿಡಿಯುವ ಪೂರಕ ಅಳತೆಗೋಲಿನ ಪ್ರಕಾರ ಮಕ್ಕಳ ಬಡತನ ಶೇ 5.2ಕ್ಕೆ ಇಳಿಯಿತು. ಅಮೆರಿಕದ ಸಂಸತ್ತು, ಅಂದರೆ ಕಾಂಗ್ರೆಸ್, ಇದನ್ನು ಮುಂದುವರಿಸಲಿಲ್ಲ. 2022ರಲ್ಲಿ ಅದೇ ಅಂಕಿ ಶೇ 12.4. ಕೋವಿಡ್ ಕಾಲದ ಬೇರೆ ನೆರವುಗಳೂ ಆಗ ನಿಂತಿದ್ದವು, ಆದ್ದರಿಂದ ಪೂರ್ತಿ ಏರಿಕೆಯನ್ನು ಈ ಒಂದರ ತಲೆಗೇ ಕಟ್ಟಬೇಡಿ. ಆದರೂ ಮಕ್ಕಳ ಪರ ಸಂಘಟನೆಗಳಿಗೆ ಒಳ್ಳೇ ಪುರಾವೆ ಸಿಕ್ಕಿತು. ಅದನ್ನು ಹಿಡಿದುಕೊಂಡು ಅವು ರಾಜ್ಯಗಳ ಬಾಗಿಲು ತಟ್ಟಿದವು. ವರ್ಮಾಂಟ್ 2022ರಲ್ಲಿ 5 ವರ್ಷದವರೆಗಿನ ಮಗುವಿಗೆ 1,000 ಡಾಲರ್ ಕ್ರೆಡಿಟ್ ತಂದಿತು. ಮಿನೆಸೋಟ 2023ರಲ್ಲಿ ಕಡಿಮೆ ಆದಾಯದ ಕುಟುಂಬಗಳಿಗೆ ಮಗುವೊಂದಕ್ಕೆ 1,750 ಡಾಲರ್ ಕೊಡುವ ಕಾನೂನು ಮಾಡಿತು.

ಇಂಥ ಮಸೂದೆ ಓದುವಾಗ ಮೊತ್ತ ನೋಡಿ ಮರುಳಾಗಬಾರದು. ತೆರಿಗೆಗೆ ವಜಾ ಆಗಿ ಉಳಿದ ಹಣ ಕುಟುಂಬದ ಕೈಗೆ ಬರುತ್ತದೋ ಇಲ್ಲವೋ, ಅದನ್ನು ಮೊದಲು ಹುಡುಕಿ. ಒಂದು ಲೆಕ್ಕ ಮಾಡೋಣ. ಕ್ರೆಡಿಟ್ 1,000 ಡಾಲರ್ ಅಂತಿಟ್ಟುಕೊಳ್ಳಿ. ಒಬ್ಬ ತಾಯಿ ಕಟ್ಟಬೇಕಾದ ರಾಜ್ಯ ತೆರಿಗೆ 300 ಡಾಲರ್. ಉಳಿಕೆ ಕೊಡುವ ಪದ್ಧತಿ ಇದ್ದರೆ ತೆರಿಗೆ ಸೊನ್ನೆಯಾಗಿ 700 ಡಾಲರ್ ಅವಳ ಕೈಗೆ ಬರುತ್ತದೆ. ಇಲ್ಲದಿದ್ದರೆ 300ರ ಲಾಭ ಅಷ್ಟೇ. ಅವಳಿಗಿಂತ ಬಡ ತಾಯಿಗೆ ತೆರಿಗೆಯೇ ಇಲ್ಲ, ಅಲ್ವಾ? ಅವಳಿಗೆ ಏನೂ ಸಿಗುವುದಿಲ್ಲ. ಚೆನ್ನಾಗಿ ಸಂಪಾದಿಸುವವರಿಗೆ ಮಾತ್ರ ಪೂರ್ತಿ 1,000! ಉಳಿಕೆ ಕೊಡದಿದ್ದರೆ ಖಜಾನೆಗೆ ಖರ್ಚು ಕಡಿಮೆ ಅಂತ ಶಾಸಕರು ಚೌಕಾಸಿಗೆ ಇಳಿಯುವುದುಂಟು. ಆ ಉಳಿತಾಯ ಬರುವುದೇ ಬಡ ಮಕ್ಕಳನ್ನು ಹೊರಗಿಟ್ಟು. ನನ್ನ ಪ್ರಕಾರ ಮೊತ್ತ ಇಳಿಸಿಯಾದರೂ ಉಳಿಕೆ ಕೊಡುವ ಷರತ್ತನ್ನು ಉಳಿಸಿಕೊಳ್ಳುವುದೇ ಸರಿ. ವರ್ಮಾಂಟ್, ಮಿನೆಸೋಟ ಎರಡರಲ್ಲೂ ಉಳಿಕೆ ಕೈಗೆ ಬರುತ್ತದೆ.

ಇನ್ನು ಬಜೆಟ್. ಫೆಡರಲ್ ಸರ್ಕಾರದ ಹಾಗೆ ಸಾಲ ಮಾಡಿ ದಿನನಿತ್ಯದ ಖರ್ಚು ನಡೆಸುವ ಸ್ವಾತಂತ್ರ್ಯ ರಾಜ್ಯಗಳಿಗಿಲ್ಲ. ಹೆಚ್ಚುಕಮ್ಮಿ ಎಲ್ಲ ರಾಜ್ಯಗಳಲ್ಲೂ ಆಯವ್ಯಯ ಸರಿದೂಗಬೇಕು ಅನ್ನುವ ನಿಯಮ ಇದೆ. ಹಾಗಾಗಿ ಎಷ್ಟೇ ಮನಕಲಕುವ ಸಾಕ್ಷ್ಯ ಹೇಳಿದರೂ ಸಮಿತಿಯಲ್ಲಿ ಬರುವ ಪ್ರಶ್ನೆ ಒಂದೇ: ದುಡ್ಡು ಎಲ್ಲಿಂದ? ಸಮಯದ ಲೆಕ್ಕವೂ ಬೇಕು. ಟೆಕ್ಸಾಸ್‌ನಲ್ಲಿ ಶಾಸನಸಭೆಯ ಮಾಮೂಲಿ ಅಧಿವೇಶನ ಎರಡು ವರ್ಷಕ್ಕೊಮ್ಮೆ, ಗರಿಷ್ಠ 140 ದಿನ. ಅಲ್ಲಿ ಮಸೂದೆ ಬಿದ್ದುಹೋದರೆ ಮಗುವಿನ ಬಾಲ್ಯದ ಎರಡು ವರ್ಷ ಹೋದಂತೆ.

ದುಡ್ಡಿನ ಪ್ರಶ್ನೆಗೆ ನ್ಯೂ ಮೆಕ್ಸಿಕೊ ಕಂಡುಕೊಂಡ ದಾರಿ ಓದಲೇಬೇಕಾದದ್ದು. ಆ ರಾಜ್ಯದಲ್ಲಿ ತೈಲ, ಅನಿಲದ ಆದಾಯದಿಂದ ಬೆಳೆದ ದೊಡ್ಡ ಶಾಶ್ವತ ನಿಧಿ ಇದೆ. ಅದರಿಂದ ವರ್ಷಕ್ಕೆ ಸ್ವಲ್ಪ ಜಾಸ್ತಿ ತೆಗೆದು ಪುಟ್ಟ ಮಕ್ಕಳಿಗೆ ಖರ್ಚು ಮಾಡಿ ಎಂದು ಸಂಘಟನೆಗಳು ಹತ್ತು ವರ್ಷ ಬೆನ್ನುಬಿದ್ದವು. ಕೆಳಮನೆ ಒಪ್ಪುತ್ತಿತ್ತು, ಮೇಲ್ಮನೆಯಾದ ಸೆನೆಟ್‌ನ ಹಣಕಾಸು ಸಮಿತಿಯಲ್ಲಿ ಪ್ರಸ್ತಾವ ಸಾಯುತ್ತಿತ್ತು. 2020ರ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ಆ ಸಮಿತಿಯ ಅಧ್ಯಕ್ಷರೇ ಸೋತರು. 2021ರಲ್ಲಿ ಪ್ರಸ್ತಾವ ಪಾಸಾಯಿತು. 2022ರ ನವೆಂಬರ್‌ನಲ್ಲಿ ಸಂವಿಧಾನ ತಿದ್ದುಪಡಿಯಾಗಿ ಜನರ ಮುಂದೆ ಬಂದಾಗ ಸುಮಾರು ಶೇ 70 ಮಂದಿ ಹೌದು ಎಂದರು. ನಿಧಿಯಿಂದ ಹೆಚ್ಚುವರಿ ಶೇ 1.25 ತೆಗೆಯಬಹುದು, ಅದರಲ್ಲಿ ಶೇ 60 ಶಾಲಾಪೂರ್ವ ಮಕ್ಕಳಿಗೆ. ವಾದ ಹತ್ತು ವರ್ಷ ಅದೇ ಆಗಿತ್ತು. ಬದಲಾಗಿದ್ದು ಕುರ್ಚಿಯಲ್ಲಿ ಕೂತವರು. ತೈಲದ ನಿಧಿ ಇಲ್ಲದ ರಾಜ್ಯಕ್ಕೆ ಈ ಮಾದರಿ ಹಾಗೇ ಒಗ್ಗುವುದಿಲ್ಲ ಅನ್ನುವುದನ್ನೂ ಸೇರಿಸಿ ಬರೆಯಿರಿ.

ದೇಣಿಗೆಗೆ ತೆರಿಗೆ ವಿನಾಯಿತಿ ಇರುವ ಸೇವಾ ಸಂಸ್ಥೆಗಳು ಲಾಬಿ, ಅಂದರೆ ಮಸೂದೆಯ ಪರ ಅಥವಾ ವಿರುದ್ಧ ಶಾಸಕರ ಮೇಲೆ ಪ್ರಭಾವ ಬೀರುವ ಕೆಲಸ ಮಾಡಬಹುದೇ ಅಂತ ಬಹಳ ಜನ ಕೇಳುತ್ತಾರೆ. ಮಾಡಬಹುದು, ಮಿತಿಯೊಳಗೆ. ಅಭ್ಯರ್ಥಿಗಳ ಪರ ಪ್ರಚಾರ ಮಾತ್ರ ಪೂರ್ತಿ ನಿಷಿದ್ಧ. ಲಾಬಿಯ ಮಿತಿಯನ್ನು ಖರ್ಚಿನ ಲೆಕ್ಕದಲ್ಲಿ ಹೇಳುವ, 1976ರಲ್ಲಿ ಬಂದ ನಿಯಮವನ್ನು ಆಯ್ದುಕೊಂಡ ಸಂಸ್ಥೆ ವರ್ಷಕ್ಕೆ 5 ಲಕ್ಷ ಡಾಲರ್ ಖರ್ಚು ಮಾಡುವುದಾದರೆ ಅದರಲ್ಲಿ ಶೇ 20, ಅಂದರೆ 1 ಲಕ್ಷ ಡಾಲರ್ ಲಾಬಿಗೆ ಬಳಸಬಹುದು. ‘ನಿಮ್ಮ ಶಾಸಕರಿಗೆ ಫೋನ್ ಮಾಡಿ’ ಎಂದು ಜನರನ್ನು ಎಬ್ಬಿಸುವ ಕೆಲಸಕ್ಕೆ ಆ ಲಕ್ಷದಲ್ಲಿ ಕಾಲು ಭಾಗ ಮಾತ್ರ. ಆದರೆ ನ್ಯೂ ಮೆಕ್ಸಿಕೊದಲ್ಲಿ ಆದಂತೆ ವಿಷಯ ಜನಮತಕ್ಕೆ ಹೋದರೆ ಮತದಾರರೇ ಶಾಸಕರು ಎಂದು ಲೆಕ್ಕ. ಆಗ ಜನರ ಹತ್ತಿರ ಹೋಗಿ ಮತ ಕೇಳುವುದು ನೇರ ಲಾಬಿ ಅನಿಸಿಕೊಳ್ಳುತ್ತದೆ, ಪೂರ್ತಿ ಲಕ್ಷವನ್ನೂ ಅದಕ್ಕೇ ಹಾಕಬಹುದು.