ಮುಖ ಆಮೇಲೆ ನೋಡೋಣ

ಕಾಗದದ ಮೇಲೆ ಚಿತ್ರ ಅಚ್ಚೊತ್ತಲು ಕೆತ್ತುವ ತಾಮ್ರದ ತಗಡಿನಲ್ಲಿ ಯಾವ ಗೆರೆಯೂ ಸುಮ್ನೆ ಬರುವುದಿಲ್ಲ. ಬ್ಯುರಿನ್ ಅನ್ನೋ ಉಕ್ಕಿನ ಉಳಿಯನ್ನು ಅಂಗೈಯಿಂದ ಒತ್ತಿ ತಳ್ಳಬೇಕು, ಲೋಹ ಎಳೆಯಾಗಿ ಸುರುಳಿ ಸುತ್ತಿ ಏಳುತ್ತದೆ. ತಪ್ಪಾದರೆ ಕೆರೆದು, ಹಿಂದಿನಿಂದ ತಟ್ಟಿ, ಉಜ್ಜಿ ನಯ ಮಾಡಬೇಕು. ಹಾಗಾಗಿ ವಿದ್ವಾಂಸರ ಹಳೆಯ ಕೆತ್ತನೆ ಚಿತ್ರ ಕಂಡಾಗಲೆಲ್ಲ ನನಗೆ ಬರುವುದು ಒಂದೇ ಪ್ರಶ್ನೆ: ಇಷ್ಟು ಕಷ್ಟಪಟ್ಟು ಇದನ್ನು ಇಲ್ಲಿ ಯಾಕೆ ಇಟ್ಟ?

1526ರಲ್ಲಿ ಜರ್ಮನ್ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ ಕೆತ್ತಿದ, ಎರಾಸ್ಮಸ್ ಎಂಬ ಡಚ್ ವಿದ್ವಾಂಸನ ಚಿತ್ರ ತಗೊಳ್ಳಿ. ಎತ್ತರ 25 ಸೆಂಟಿಮೀಟರ್ ಅಷ್ಟೇ. ಎರಾಸ್ಮಸ್ ತಲೆ ಬಗ್ಗಿಸಿ ಬರೆಯುತ್ತಿದ್ದಾನೆ, ಎಡಗೈಯಲ್ಲಿ ಶಾಯಿ ಕುಡಿಕೆ. ಪಕ್ಕದ ಹೂದಾನಿಯಲ್ಲಿ ವಯಲೆಟ್ ಮತ್ತು ಲಿಲಿ ಆಫ್ ದಿ ವ್ಯಾಲಿ. ಆ ಕಾಲದವರಿಗೆ ಇವು ವಿನಯದ, ಶುದ್ಧ ಮನಸ್ಸಿನ ಗುರುತು. ಎಲ್ಲಕ್ಕಿಂತ ಮುಂದೆ, ನಮ್ಮ ಕೈಗೆ ಸಿಗುವಷ್ಟು ಹತ್ತಿರ, ಪುಸ್ತಕಗಳು. ಅವನ ಕಣ್ಣು ಮಾತ್ರ ನಮ್ಮ ಕಡೆ ಇಲ್ಲ.

ಹಿಂದೆ ದೊಡ್ಡದೊಂದು ಫಲಕ ಇದೆ ನೋಡಿ, ನನಗೆ ಚಿತ್ರದ ಜೀವ ಇರುವುದು ಅಲ್ಲೇ. ಅಚ್ಚಿನಲ್ಲಿ ಅಕ್ಷರ ಸರಿಯಾಗಿ ಬೀಳಬೇಕಾದರೆ ತಗಡಿನ ಮೇಲೆ ಅಷ್ಟನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕೆತ್ತಬೇಕು. ಇದು ಎದುರಿಗಿದ್ದವನನ್ನು ನೋಡಿ ಬರೆದ ಚಿತ್ರ ಅಂತ ಮೊದಲು ಲ್ಯಾಟಿನ್‌ನಲ್ಲಿದೆ. ಕೆಳಗೆ ಗ್ರೀಕ್‌ನಲ್ಲಿ ಇನ್ನೊಂದು ಸಾಲು: ಇದಕ್ಕಿಂತ ಒಳ್ಳೆಯ ಚಿತ್ರವನ್ನು ಇವನ ಬರಹಗಳೇ ತೋರಿಸುತ್ತವೆ. ಇದೇ ಮಾತು 1519ರಲ್ಲಿ ಕ್ವೆಂಟಿನ್ ಮಾಟ್ಸಿಸ್ ಎಂಬ ಇನ್ನೊಬ್ಬ ಕಲಾವಿದ ಮಾಡಿದ ಎರಾಸ್ಮಸ್ ಪದಕದಲ್ಲೂ ಇತ್ತು. ಡ್ಯೂರರ್ ತಾನೇ ತನ್ನ ಕೈಯಾರೆ, ಅದೂ ಉಲ್ಟಾ ಅಕ್ಷರದಲ್ಲಿ, ನನ್ನ ಚಿತ್ರ ಸಾಲದು ಅಂತ ಕೆತ್ತಿಟ್ಟಿದ್ದಾನೆ ಅಲ್ವಾ? ಈಗ ಮುಂದಿನ ಪುಸ್ತಕಗಳನ್ನು ಇನ್ನೊಮ್ಮೆ ನೋಡಿ. ಆ ಒಳ್ಳೆಯ ಚಿತ್ರ ಅವುಗಳೊಳಗಿದೆ.

ಎರಾಸ್ಮಸ್‌ಗೆ ತನ್ನ ಮುಖದ ಹೋಲಿಕೆ ಒಪ್ಪಿಗೆಯಾಗಲಿಲ್ಲ. ಡ್ಯೂರರ್ ಅವನನ್ನು ಎದುರಿಗೆ ಕೂರಿಸಿಕೊಂಡು ಬರೆದದ್ದು 1520ರಲ್ಲಿ, ಕೆತ್ತುವ ಹೊತ್ತಿಗೆ ಐದಾರು ವರ್ಷ ಕಳೆದಿತ್ತು. ನನಗೂ ಇಲ್ಲಿ ಮುಖಕ್ಕಿಂತ ಬಟ್ಟೆಯ ಮಡಿಕೆಗಳಲ್ಲೇ ಕೈ ಜಾಸ್ತಿ ಪಳಗಿದಂತೆ ಕಾಣುತ್ತದೆ.

1526ರಲ್ಲೇ ಡ್ಯೂರರ್ ಮೆಲಾಂಕ್ಟನ್ ಎಂಬ ವಿದ್ವಾಂಸನನ್ನೂ ಕೆತ್ತಿದ. ಅಲ್ಲಿ ಪುಸ್ತಕ ಇಲ್ಲ, ಲೇಖನಿ ಇಲ್ಲ, ಹೂವೂ ಇಲ್ಲ. ಹಿಂದೆ ಬರೀ ಆಕಾಶ. ಕೆಳಗಿನ ಕಲ್ಲಿನ ಮೇಲೆ, ಮುಖ ಬರೆಯಬಲ್ಲ ಕೈಗೆ ಮನಸ್ಸನ್ನು ಬರೆಯಲಾಗಲಿಲ್ಲ ಎಂಬ ಒಪ್ಪಿಗೆ. ಅದನ್ನು ಓದಿ, ಆಮೇಲೆ ಭೂತಗನ್ನಡಿಯನ್ನು ಮೇಲಕ್ಕೆ ಸರಿಸಿ. ಹಣೆಯಲ್ಲಿ ಉಬ್ಬಿದ ಒಂದು ನರ ಕಾಣುತ್ತದೆ.