ಓಟಿಲ್ಲದ ಮಕ್ಕಳ ಎತ್ತರ ಎಲೆಕ್ಷನ್ ವಿಷಯ ಆದದ್ದು

ಎರಡು ವರ್ಷದೊಳಗಿನ ಮಗು ಎತ್ತರ ಅಳೆಯೋದು ನೋಡಿದೀರಾ? ನಿಲ್ಸೋಕಾಗಲ್ಲ, ಮಲಗಿಸಿ ಅಳೀಬೇಕು, ಒಬ್ರು ತಲೆ ಹಿಡ್ದು ಹಲಗೆಗೆ ತಾಗಿಸ್ಬೇಕು, ಇನ್ನೊಬ್ರು ಮಂಡಿ ಒತ್ತಿ ಕಾಲು ನೆಟ್ಟಗೆ ಮಾಡ್ಬೇಕು, ಅಷ್ಟರಲ್ಲಿ ಮಗು ಊರಿಗೆಲ್ಲಾ ಕೇಳೋ ಹಾಗೆ ಅಳ್ತಿರುತ್ತೆ. ಪೆರು ದೇಶದಲ್ಲಿ ಈ ಸೆಂಟಿಮೀಟರ್ ಲೆಕ್ಕಾನೇ ಎಲೆಕ್ಷನ್ ವಿಷಯ ಆಗೋಯ್ತು.

ಮೊದಲ ಕೆಲವು ವರ್ಷ ಮಿದುಳಲ್ಲಿ ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ಹೊಸ ಕನೆಕ್ಷನ್ ಹುಟ್ತವೆ. ಆ ಟೈಮಲ್ಲೇ ಊಟ ಸಾಲದೆ, ಮೇಲಿಂದ ಮೇಲೆ ಭೇದಿ ಆಗ್ತಾ ಇದ್ರೆ ಮೈಯೂ ಬೆಳೆಯಲ್ಲ, ಕಲಿಕೆಗೂ ಪೆಟ್ಟು ಬೀಳುತ್ತೆ. ಮಿದುಳು ಕಣ್ಣಿಗೆ ಕಾಣಲ್ಲ, ಎತ್ತರ ಕಾಣುತ್ತೆ, ಅದಕ್ಕೇ ಟೇಪು.

ಕಷ್ಟ ಏನಪ್ಪಾ ಅಂದ್ರೆ ಇದರ ಫಲ ತುಂಬಾ ನಿಧಾನ. ಜಮೈಕಾದಲ್ಲಿ 1986-87ರಲ್ಲಿ ಎತ್ತರ ಕುಂಠಿತವಾದ ಪುಟ್ಟ ಮಕ್ಕಳ ಮನೆಗೆ ವಾರಕ್ಕೊಂದ್ಸಲ ಆರೋಗ್ಯ ಕಾರ್ಯಕರ್ತೆಯರು ಹೋಗಿ ತಾಯಂದಿರಿಗೆ ಮಕ್ಕಳ ಜೊತೆ ಮಾತಾಡೋದು, ಆಡೋದು ಹೇಳ್ಕೊಟ್ರು, ಎರಡು ವರ್ಷ ಅಷ್ಟೇ. ಆ ಮಕ್ಕಳು ದೊಡ್ಡವರಾದ್ಮೇಲೆ ಸಂಪಾದನೆ 25% ಜಾಸ್ತಿ ಅಂತ ಪೇಪರ್ ಬಂದಿದ್ದು 2014ರಲ್ಲಿ! ಅಲ್ಲೀವರೆಗೂ ಕಾಯೋ ಮಂತ್ರಿ ಯಾರ್ರೀ? ಫ್ಲೈಓವರ್ ಆದ್ರೆ ಟರ್ಮ್ ಮುಗಿಯೋದ್ರೊಳಗೆ ರಿಬ್ಬನ್ ಕಟ್ ಮಾಡ್ಬಹುದು.

ಪೆರುವಿನ ಸಂಘಸಂಸ್ಥೆಗಳು ಇಲ್ಲೇ ಜಾಣತನ ಮಾಡಿದ್ದು. 2006ರ ಚುನಾವಣೆಗೆ ಮುಂಚೆ ಅಧ್ಯಕ್ಷ ಸ್ಥಾನಕ್ಕೆ ನಿಂತೋರ ಹತ್ರ ಸೈನ್ ಹಾಕಿಸ್ಕೊಂಡ್ರು: 5 ವರ್ಷದೊಳಗಿನ ಮಕ್ಕಳ ಕುಂಠಿತ ಬೆಳವಣಿಗೆ (ಅಂದ್ರೆ ವಯಸ್ಸಿಗೆ ತಕ್ಕ ಎತ್ತರ ಇಲ್ಲದ ಮಕ್ಕಳ ಪ್ರಮಾಣ), 5 ವರ್ಷದಲ್ಲಿ, ಶೇಕಡಾ 5 ಪಾಯಿಂಟ್ ಇಳಿಸ್ತೀವಿ ಅಂತ. ಅಜ್ಜಿಗೂ ನೆನಪಿರೋ ಲೆಕ್ಕ. ಗೆದ್ದ ಅಲನ್ ಗಾರ್ಸಿಯಾ 5 ಅಲ್ಲ 9 ಅಂದ್ಬಿಟ್ರು! ಆಮೇಲೆ ಹಣಕಾಸು ಇಲಾಖೆ ದುಡ್ಡನ್ನ ರಿಸಲ್ಟ್‌ಗೆ ಗಂಟು ಹಾಕ್ತು, ಮಕ್ಕಳನ್ನ ಚೆಕಪ್‌ಗೆ ಕರ್ಕೊಂಡು ಬರೋ ಬಡ ಮನೆಗಳಿಗೆ ನಗದು ಹೋಯ್ತು. ಬೆಟ್ಟದ ಕಡೆ ಜನ 'ನಾವೆಲ್ಲಾ ಕುಳ್ಳರೇ ಕಣ್ರೀ' ಅನ್ಕೊಂಡಿದ್ರು, ವಯಸ್ಸಿಗೆ ಎಷ್ಟು ಎತ್ತರ ಇರ್ಬೇಕು ಅನ್ನೋದನ್ನ ತೋರಿಸಿದ್ಮೇಲೆ ಅಮ್ಮಂದಿರೇ ಕೇಳೋಕೆ ಶುರು ಮಾಡಿದ್ರು. ಕುಂಠಿತ ಬೆಳವಣಿಗೆ 2008ರಲ್ಲಿ 28% ಇದ್ದದ್ದು 2016ಕ್ಕೆ 13%.

ನಮ್ಮಲ್ಲಿ ಅಂಗನವಾಡಿ 1975ರಿಂದ ಇದೆ, ಕರ್ನಾಟಕದಲ್ಲಿ ಟಿ. ನರಸೀಪುರದಲ್ಲಿ ಶುರುವಾಗಿದ್ದು. ಟೀಚರ್ ಎತ್ತರ ತೂಕ ಎಲ್ಲಾ ತಗೊಂಡು ಮೊಬೈಲಿಗೂ ಹಾಕ್ತಾರೆ, ಅದು ಮೇಲಕ್ಕೆ ಹೋಗುತ್ತೆ, ಹೋಗಿದ್ದು ಹೋಯ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದಲ್ಲಿ ಕುಂಠಿತ ಬೆಳವಣಿಗೆ 2015-16ರಲ್ಲಿ 36.2% ಇದ್ದದ್ದು ಮುಂದಿನ ಸುತ್ತಿಗೆ, 2019-21ರಲ್ಲಿ, 35.4%, ಅಷ್ಟೇ. ಕಳೆದ ಎಲೆಕ್ಷನ್‌ನಲ್ಲಿ ಓಟು ಕೇಳೋಕೆ ಮನೆ ಬಾಗಿಲಿಗೆ ಬಂದೋರ ಹತ್ರ ನಾನು ಕೇಳಿದ್ದೂ ಚರಂಡಿ ಬಗ್ಗೆನೇ (ಚರಂಡಿಗೂ ಭೇದಿಗೂ ನಂಟಿದೆ ಅನ್ನೋದು ಬೇರೆ ಮಾತು), ಈ ನಂಬರ್ ಗೊತ್ತಿದ್ರೂ ಬಾಯಿಗೆ ಬರ್ಲಿಲ್ಲ.